ಟಿಕೋಟದಲ್ಲಿ ಖಾಲಿಯಾದ ಆಡುಸೋಗೆ

ನಂಬುವುದಿಲ್ಲ ಅಂತ ಹಟ ಹಿಡಿದೇ ಓದಿ, ನೋಡೋಣ.

ಬಬಲೇಶ್ವರದಲ್ಲಿ ನನ್ನ ತಂಗಿ ಕೆಮ್ಮಿ ಕೆಮ್ಮಿ ಸೋತಿದ್ದಾಳೆ. ಅವಳ ಕಷಾಯಕ್ಕೆಂದು ವಿಜಾಪುರದಿಂದ ಒಂದು ಕಂತೆ ಆಡುಸೋಗೆ ಎಲೆ ಹೊತ್ತು ಹೊರಟೆ. ಯುದ್ಧದಿಂದಾಗಿ ಪೆಟ್ರೋಲಿಲ್ಲ, ಹಿಂದೆ ಒಲೆ ಕಟ್ಟಿಕೊಂಡು ಇದ್ದಿಲ ಹೊಗೆಯಿಂದ ಓಡುವ ನಮ್ಮ ಬಸ್ಸು ಸುತ್ತುದಾರಿಯ ಟಿಕೋಟದಲ್ಲಿ ನಿಂತೇಬಿಟ್ಟಿತು. ಡ್ರೈವರ್ ಅದರ ಒಲೆ ಕೆದಕಿದ. ಎಲ್ಲರಿಗೂ ಕೆಮ್ಮು ಹತ್ತಿತು.

"ಏನ್ ತಪ್ಪಲಾರೀ ಅದು?" ಪಕ್ಕದ ಮುದುಕಿ ಎಲೆಯ ಕಂತೆ ನೋಡಿ ಕೇಳಿದಳು.

ನಾನು ಸುಮ್ಮನಿರಬಾರದೇ! "ಆಡುಸೋಗಿ ಬೇ ಯವ್ವಾ. ಕಫ ಕರಗಸ್ತೈತಿ, ದಮ್ಮು ಇಳಸ್ತೈತಿ. ನಮ್ಮಜ್ಜ ಇದನ್ನ ಕುಡುದು ಕುಡುದು ಸಾಯೋದನ್ನ ಮರತಿದ್ದ!"

ಮುಗಿಯಿತು. "ನಮ್ಮತ್ತಿಗೆ ದಮ್ಮೈತ್ರಿ" ಎಂದು ಒಬ್ಬಳು, "ನನ್ನ ಎತ್ತೂ ಕೆಮ್ಮತೈತಿ ಯಪ್ಪಾ" ಎಂದು ಒಬ್ಬ, ಹಿಡಿಹಿಡಿಯಾಗಿ ಕಿತ್ತುಕೊಂಡರು. ಎತ್ತಿಗೂ ಕೊಡಬೇಕಂತೆ!

"ಲೇ, ನನ್ನ ತಂಗೀಗೇನು ಈ ಕಟ್ಟಿದ ದಾರ ಕುದಿಸಿ ಕುಡಸಲೇನೋ?" ಎಂದು ಕೂಗಿದರೆ ಕೇಳುವವರು ಯಾರು?

ಉಳಿದದ್ದಕ್ಕೆ ಮುದುಕಿ ಕೈಹಾಕಿದಾಗ ಹೆದರಿಸಿದೆ: "ಬ್ಯಾಡ ಬೇ, ಹೆಣ್ಮಕ್ಕಳು ಕುಡುದ್ರ ಗಡ್ಡ ಬರ್ತೈತಿ."

"ನನಗ ಆಗಲೇ ಬಂದೈತಿ, ಕೊಡೋ ಯಪ್ಪಾ" ಎಂದು ಸೆರಗಿಗೆ ಕಟ್ಟಿಕೊಂಡಳು.

ಬಸ್ಸು ಹೊರಟಾಗ ನನ್ನ ಕೈಯಲ್ಲಿ ಬರೀ ದಾರ. ಒಂದೆಲೆಯೂ ಉಳಿದಿರಲಿಲ್ಲ.

ನಿಮಗೆ ಹೇಳಿದ್ದರಲ್ಲಿ ಸುಳ್ಳು ಆ ಕೊನೆಯ ಮಾತೊಂದೇ. ತಂಗಿಗೆಂದು ಬಚ್ಚಿಟ್ಟ ಒಂದು ಹಿಡಿ ಎಲೆ ನನ್ನ ತಲೆಗೆ ಸುತ್ತಿದ ಪಟಗದೊಳಗಿದೆ. ಅದಕ್ಕೇ ಇಷ್ಟು ಬೆವರಿದರೂ ಬಿಚ್ಚಿಲ್ಲ. ಮುದುಕಿ ಮಾತ್ರ ಟಿಕೋಟ ಬಿಟ್ಟಾಗಿನಿಂದ ಪಟಗವನ್ನೇ ನೋಡುತ್ತಿದ್ದಾಳೆ.