ಒಂದು ಮಾತೂ ಬದಲಿಸದ ಅಕ್ಕ

ಅವರ ಬಲಗೈ ನಡುಬೆರಳಿನ ಮೇಲೆ, ಪೆನ್ನು ಒತ್ತಿ ಒತ್ತಿ, ಕಡಲೆಕಾಳಿನಷ್ಟು ಗಟ್ಟಿಯಾದ ಗಂಟೊಂದಿತ್ತು. ಮಾತಾಡುವಾಗ ಹೆಬ್ಬೆರಳಿನಿಂದ ಅದನ್ನು ತಿಕ್ಕುತ್ತಿದ್ದರು. ತಿಕ್ಕುವುದು ಜೋರಾಯಿತೆಂದರೆ ಸಿಟ್ಟು ಬಂದಿದೆ ಎಂದೇ ಅರ್ಥ. ಕಾಸರಗೋಡಿನವರು. ತಿರುವನಂತಪುರದ ಪಟ್ಟಂನಲ್ಲಿ, ಸರಕಾರಿ ಕಚೇರಿಯೊಂದರಲ್ಲಿ, ಕನ್ನಡದ ಅರ್ಜಿ, ದಸ್ತಾವೇಜು, ಸಾಕ್ಷಿ ಹೇಳಿಕೆಗಳನ್ನು ಮಲಯಾಳಕ್ಕೆ ತರ್ಜುಮೆ ಮಾಡುತ್ತಲೇ ನಿವೃತ್ತರಾದವರು. ಆಮೇಲೆ ಕೊಚ್ಚಿಯ ಕಲೂರಿನಲ್ಲಿ ತಂಗಿಯ ಮನೆಯ ಕೆಳ ಅಂತಸ್ತಿನಲ್ಲಿದ್ದರು. ಮೇಲಿನ ಕೋಣೆಯಲ್ಲಿ ಬಾಡಿಗೆಗೆ ನಾನು, ಪುತ್ತೂರಿನವಳು, ಐಟಿ ಪಾರ್ಕಿನಲ್ಲಿ ಕೆಲಸ. ಬೀದಿಗೆಲ್ಲ ಅವರು ಚೇಚಿ, ನನಗೆ ಅಕ್ಕ.

ಅಕ್ಕನ ಎದುರು ದೂರು ಹೇಳುವುದು ಸುಲಭವಿರಲಿಲ್ಲ. "ಮ್ಯಾನೇಜರ್ ಇವತ್ತು ನನ್ನ ಮರ್ಯಾದೆ ತೆಗೆದರು" ಎಂದು ಶುರು ಮಾಡಿದರೆ ಅಲ್ಲೇ ತಡೆಯುತ್ತಿದ್ದರು. "ಅವರು ಹೇಳಿದ್ದು ಎಂತ? ಆ ಮಾತು ಮೊದಲು ಹೇಳು. ನಿನ್ನ ಒಗ್ಗರಣೆ ಆಮೇಲೆ ಹಾಕುವ." ನೆನಪು ಮಾಡಿಕೊಂಡರೆ ಪುಣ್ಯಾತ್ಮ ಹೇಳಿದ್ದು ಇಷ್ಟೇ: "ನಿನ್ನೆ ಕೊಡಬೇಕಿತ್ತಲ್ಲ." ನನ್ನ ಮುಖ ಸಪ್ಪೆಯಾಗುತ್ತಿತ್ತು. ಅಕ್ಕ ನಗುತ್ತ ಚಾಯ ಬಗ್ಗಿಸಿ ಕೊಡುತ್ತಿದ್ದರು.

ನಮ್ಮ ಕನ್ನಡ ಸಂಘದವರು ತಿಂಗಳಿಗೊಂದು ಭಾನುವಾರ ಬಾಡಿಗೆ ಹಾಲ್‌ನಲ್ಲಿ ಸಿನಿಮಾ ತೋರಿಸುತ್ತಿದ್ದರು. ಇಂಗ್ಲಿಷ್ ಸಿನಿಮಾ ಆದರೆ ಹಿರಿಯ ಹೆಂಗಸರಿಗೆ ಅರ್ಥವಾಗುತ್ತಿರಲಿಲ್ಲ. ಅದಕ್ಕೆ ಅಕ್ಕ ಪರದೆಯ ಪಕ್ಕ ನಿಂತು, ಪಾತ್ರಗಳು ಆಡಿದ್ದನ್ನೆಲ್ಲ ಆಗಿಂದಾಗಲೇ ಕನ್ನಡದಲ್ಲಿ ಹೇಳುತ್ತ ಹೋಗುವ ಪದ್ಧತಿ. ಅದಕ್ಕಾಗಿ ಮೊದಲೇ ಮನೆಯಲ್ಲಿ ಮೂರು ಸಲ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು.

ಆ ಭಾನುವಾರದ್ದು ಹಳೇ ಕಾಲದ ಪ್ರೇಮಕಥೆ. ಐರ್ಲೆಂಡಿನ ಹುಡುಗಿಯೊಬ್ಬಳು ಕೆಲಸಕ್ಕೆಂದು ಅಮೆರಿಕಕ್ಕೆ ಹೋಗುತ್ತಾಳೆ. ಕೊಚ್ಚಿಯಲ್ಲಿ ಐರ್ಲೆಂಡ್ ಎಂದರೆ ನಮ್ಮ ನರ್ಸ್‌ಗಳು ಹೋಗಿ ಸಂಪಾದಿಸುವ ದೇಶ. ಅಲ್ಲಿನವರೂ ಒಂದು ಕಾಲದಲ್ಲಿ ಹೊಟ್ಟೆಪಾಡಿಗೆ ಊರು ಬಿಟ್ಟಿದ್ದರೆಂಬುದು ನಮಗೆಲ್ಲ ಹೊಸ ಸುದ್ದಿ. ಹುಡುಗಿ ಅಲ್ಲೊಬ್ಬನನ್ನು ಪ್ರೀತಿಸಿ ಗುಟ್ಟಾಗಿ ಮದುವೆಯಾಗುತ್ತಾಳೆ. ಒಡಹುಟ್ಟಿದವಳ ಸಾವಿನ ಸುದ್ದಿ ಕೇಳಿ ಊರಿಗೆ ಬಂದರೆ ಅಲ್ಲೊಬ್ಬ ಒಳ್ಳೆಯ ಹುಡುಗ. ಅವನೂ ಇಷ್ಟವಾಗುತ್ತಾನೆ. ಮದುವೆಯಾದದ್ದನ್ನು ಅವಳು ಯಾರಿಗೂ ಹೇಳುವುದಿಲ್ಲ.

ಅಷ್ಟರಲ್ಲಿ ಸಂಘದ ಅಧ್ಯಕ್ಷರು, ಮೈಸೂರು ಕಡೆಯವರು, ಎದ್ದರು.

"ಸ್ವಲ್ಪ ನಿಲ್ಸಿ ಮೇಡಂ. ಹೆಣ್ಮಕ್ಕಳು ಕೂತಿದ್ದಾರೆ ಇಲ್ಲಿ. ಅವಳಿಗೆ ಮದುವೆ ಆಗಿಲ್ಲ, ಬರೀ ಪರಿಚಯ ಅಂತ ಹೇಳ್ಬಿಡಿ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗ್ತದಲ್ಲ," ಎಂದರು ಅಕ್ಕ.

"ಒಂದ್ ಮಾತು ಬದಲಾಯಿಸಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಮದುವೆಯಾದವಳನ್ನು ಆಗದವಳು ಅಂತ ಹೇಳಲಿಕ್ಕೆ ನಾನು ಯಾರು? ನಿಮಗೆ ಬೇಡದಿದ್ದರೆ ಹೊರಗೆ ಹೋಗಿ ಚಾಯ ಕುಡಿಯಿರಿ."

ಅಧ್ಯಕ್ಷರು ನೆಟ್ಟಗೆ ಹೋಗಿ ಪ್ರೊಜೆಕ್ಟರ್ ಆರಿಸಿಬಿಟ್ಟರು. ಹಾಲ್ ತುಂಬ ಜನ, ಒಬ್ಬರಾದರೂ ತುಟಿ ಬಿಚ್ಚಬೇಕೇ! ಈಗ ನೆನೆದರೂ ಮೈ ಉರಿಯುತ್ತದೆ. ಸಂಜೆಯಾದರೆ ಧಾರಾವಾಹಿಯಲ್ಲಿ ಒಬ್ಬ ಗಂಡನಿಗಾಗಿ ಇಬ್ಬರು ಹೆಂಡಿರು ಕಿತ್ತಾಡುವುದನ್ನು ಬಾಯಿ ಬಿಟ್ಟುಕೊಂಡು ನೋಡುವವರು ಇವರೇ. ಗಂಡಸಿನ ಮನಸ್ಸು ಎರಡಾದರೆ ಅದು ಕಥೆ, ಹೆಣ್ಣಿನದಾದರೆ ಸಂಸ್ಕೃತಿ ಹಾಳು! ಅಕ್ಕ ನೋಟ್‌ಬುಕ್ಕು ಚೀಲಕ್ಕೆ ಹಾಕಿಕೊಂಡು ಹೊರಟರು. ಮತ್ತೆಂದೂ ಅವರನ್ನು ಸಂಘದವರು ಕರೆಯಲಿಲ್ಲ.

ಕಲೂರು ಬಸ್‌ಸ್ಟ್ಯಾಂಡಿನ ಬಳಿಯ ಚಾಯದಂಗಡಿಯವರೆಗೂ ನಾನು ಅಧ್ಯಕ್ಷರನ್ನು ಬೈಯುತ್ತಲೇ ಬಂದೆ. ಅಕ್ಕ ಬೆಂಚಿನ ಮೇಲೆ ಕೂತು ಸಿನಿಮಾದ ಉಳಿದ ಭಾಗ ಹೇಳಿದರು. ಹುಡುಗಿ ಕೊನೆಗೆ ನಿಜ ತಿಳಿಸಿ ಹಡಗು ಹತ್ತಿದಳು ಎನ್ನುವಾಗ ನನಗೆ ಅಳು ಒತ್ತರಿಸಿ ಬಂತು. ಪುತ್ತೂರಿನಲ್ಲಿ ನನಗೊಂದು ಸಂಬಂಧ ಮಾತಾಗಿತ್ತು. ಹುಡುಗ ಕಾಲೇಜಿನಲ್ಲಿ ಪಾಠ ಮಾಡುವವನು, ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದ, ಅವನ ಫೋನಿಗೆ ನಾನೂ ಕಾಯುತ್ತಿದ್ದೆ. ಇಲ್ಲಿ ಆಫೀಸಿನ ಮಲಯಾಳಿ ಗೆಳೆಯನಿಗೆ ಮದುವೆಯಾಗುತ್ತೇನೆಂದು ಮಾತು ಕೊಟ್ಟಾಗಿತ್ತು. ಎಲ್ಲವನ್ನೂ ಅಕ್ಕನ ಮುಂದೆ ಬಿಚ್ಚಿಟ್ಟೆ.

"ಇಬ್ಬರೂ ಇಷ್ಟ ಆದರು, ಅದಕ್ಕೆಂತ ಅಳುವುದು?" ಎಂದರು ಅಕ್ಕ. "ಆದರೆ ಅದು ಅವರಿಬ್ಬರಿಗೂ ಗೊತ್ತಾಗಬೇಕು ಮಾರಾಯ್ತಿ. ಇದ್ದದ್ದನ್ನು ಇದ್ದ ಹಾಗೆ ಹೇಳು. ಆಮೇಲೆ ಯಾರು ಬೇಕೋ ನೋಡಿಕೊ."

ಗೆಳೆಯನಿಗೆ ಹೇಳಿದೆ. ಅವನು ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಬಂದು ಮಾತಾಡಿದ. ಅವನನ್ನೇ ಮದುವೆಯಾದೆ. "ಇಬ್ಬರಿಗೂ ಹೇಳಿ ಆಯ್ತಕ್ಕ" ಎಂದಿದ್ದೆ.

ಆರು ವರ್ಷದ ನಂತರ, ಕಳೆದ ವರ್ಷ, ಅಕ್ಕ ಕಾಯಿಲೆ ಬಿದ್ದರು. ಅವರ ತಮ್ಮ ತಿರುವನಂತಪುರದಲ್ಲಿದ್ದುದರಿಂದ ಅಲ್ಲಿನ ಉಳ್ಳೂರಿನ ಆಸ್ಪತ್ರೆಗೆ ಸೇರಿಸಿದ್ದರು. ನಾನು ಕೊಚ್ಚಿಯಿಂದ ರೈಲು ಹತ್ತಿ ಹೋದಾಗ ಕೈಯಲ್ಲಿ ಸಂಘದ ಸ್ಮರಣ ಸಂಚಿಕೆ. ಅದರಲ್ಲಿ ಅಕ್ಕನ ಬಗ್ಗೆ ಅಧ್ಯಕ್ಷರದೇ ಲೇಖನ: 'ನಮ್ಮ ಸಂಸ್ಕೃತಿಯ ಕಾವಲುಗಾರ್ತಿ, ಆರೋಗ್ಯದ ಕಾರಣ ತಾವಾಗಿಯೇ ಸಂಘದ ಕೆಲಸದಿಂದ ನಿವೃತ್ತರಾದರು.' ಓದಿ ಹೇಳುತ್ತ ನನಗೆ ಸಿಟ್ಟು ನೆತ್ತಿಗೇರಿತ್ತು. "ನಾಚಿಕೆಯಿಲ್ಲವಾ ಇವರಿಗೆ? ನಡೆದದ್ದನ್ನೇ ತಿದ್ದಿ ಬರೆದಿದ್ದಾರಲ್ಲ ಅಕ್ಕ!"

ಅಕ್ಕ ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ ಕೇಳಿದರು: "ಆ ಪುತ್ತೂರಿನ ಹುಡುಗನಿಗೆ ನೀನು ಹೇಳಿದ ಮಾತು ಎಂತದ್ದು?"

ನಾನು ತಡವರಿಸಿದೆ. "ನಾನಲ್ಲ ಅಕ್ಕ... ಅಮ್ಮ ಹೇಳಿದ್ದು. ಜಾತಕ ಕೂಡುವುದಿಲ್ಲ, ಹುಡುಗನಿಗೆ ಕುಜದೋಷ ಉಂಟು ಅಂತ. ಸುಳ್ಳು ಅಂತ ನನಗೆ ಗೊತ್ತಿತ್ತು, ಸುಮ್ಮನಿದ್ದೆ. ಯಾರಿಗೂ ಬೇಜಾರಾಗುವುದು ಬೇಡ ಅಂತ..."

ಅಕ್ಕನ ಹೆಬ್ಬೆರಳು ಗಂಟಿನ ಮೇಲೆ ಜೋರಾಗಿ ಓಡಿತು. "ಆ ಅಧ್ಯಕ್ಷನಾದರೂ ಎಲ್ಲರ ಎದುರು ಕೇಳಿದ. ನೀನು ಕದ್ದು ಮಾಡಿದ್ದಿ. ಫೋನ್ ಮಾಡು. ಈಗಲೇ."

"ಊರಿಗೆ ಹೋದಾಗ ಮುಖತಃ ಹೇಳ್ತೇನೆ ಅಕ್ಕ" ಎಂದೆ. ಅವರು ಗೋಡೆಯ ಕಡೆ ಹೊರಳಿದರು. ಹೊರಡುವಾಗ ಕಾಲು ಮುಟ್ಟಿದರೂ ತಿರುಗಲಿಲ್ಲ. ಎಂಟನೆಯ ದಿನ ತೀರಿಕೊಂಡರು.

ಅಂತ್ಯಕ್ರಿಯೆ ಮುಗಿದ ಮರುದಿನ ಪುತ್ತೂರಿನ ಹುಡುಗನಿಗೆ ಫೋನ್ ಮಾಡಿದೆ. ಪೂರ್ತಿ ಹೇಳಿದೆ, ಅವನ ಫೋನಿಗೆ ಕಾಯುತ್ತಿದ್ದುದನ್ನೂ ಸೇರಿಸಿ.

"ಆ ಕುಜದೋಷದ ಮಾತು ಊರೆಲ್ಲ ಹರಡಿ ಆಮೇಲಿನ ಎರಡು ಸಂಬಂಧವೂ ತಪ್ಪಿತು," ಎಂದ ಅವನು. "ಅದು ಹೋಗಲಿ. ನನ್ನ ಅಮ್ಮ ನಾಲ್ಕು ವರ್ಷ ಪ್ರತಿ ಮಂಗಳವಾರ ಒಂದು ತೊಟ್ಟು ನೀರೂ ಕುಡಿಯದೆ ಉಪವಾಸ ಮಾಡಿದರು, ತಾನು ಹೆತ್ತ ಗಳಿಗೆಯೇ ಸರಿಯಿರಲಿಲ್ಲ ಅಂತ. ಹೋದ ಆಷಾಢದಲ್ಲಿ ತೀರಿಕೊಂಡರು. ನೀವು ಅವರಿಗೆ ಹೇಳಬೇಕಿತ್ತು."