ಲ್ಯಾನ್ಸಿಯ ಕಾರ್ಡಿನಲ್ಲಿ ನಾನು ಬರೆದ ನಾಲ್ಕು

ಲ್ಯಾನ್ಸಿ, ಆ ದಿನ ಕ್ಲಬ್ಬಿನ ಕಾರ್ಯದರ್ಶಿಯ ಮುಂದೆ ‘ಈಗಷ್ಟೇ ಗೊತ್ತಾಯಿತು’ ಎಂದೆನಲ್ಲ — ಅದು ಸುಳ್ಳು. ನೀನು ಸಹಿ ಹಾಕುವ ಮೊದಲೇ ನನಗೆ ಗೊತ್ತಿತ್ತು. ಇಪ್ಪತ್ತನಾಲ್ಕು ವರ್ಷಗಳಿಂದ ಇದನ್ನು ಯಾರಿಗೂ ಹೇಳಿಲ್ಲ, ನನ್ನ ಹೆಂಡತಿಗೂ.

ನಾವಿಬ್ಬರೂ ಸದಸ್ಯರ ಗಾಲ್ಫ್ ಚೀಲ ಹೊರುತ್ತಲೇ ಆಟ ಕಲಿತವರು — ನೀನು ಬಜಪೆಯಿಂದ ಬರುತ್ತಿದ್ದೆ, ನಾನು ಪಡೀಲಿನಿಂದ. ವೃತ್ತಿಪರ ಆಟಗಾರರೆಂದು ಹೇಳಿಕೊಂಡು ಊರೂರು ತಿರುಗಿದೆವು. ಕಂಡದ್ದು ಬಹುಮಾನಗಳಿಗಿಂತ ಬಸ್ಸುಗಳನ್ನೇ ಹೆಚ್ಚು. ಅಷ್ಟರಲ್ಲಿ ನಮ್ಮ ಕ್ಲಬ್ಬಿಗೆ ಒಬ್ಬ ಪ್ರೊ ಬೇಕಾಯಿತು — ಸದಸ್ಯರಿಗೆ ಆಟ ಕಲಿಸುವ ಖಾಯಂ ಕೆಲಸ. ನೀನೋ ನಾನೋ ಎಂಬುದು ಹದಿನೆಂಟು ಹೋಲ್‌ಗಳ ಒಂದೇ ಆಟದಲ್ಲಿ ತೀರ್ಮಾನವಾಗಬೇಕಿತ್ತು.

ನಿನಗೆ ಗೊತ್ತಿದ್ದದ್ದೇ — ಗಾಲ್ಫಿನಲ್ಲಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವನೇ ಗೆಲ್ಲುವುದು; ಒಬ್ಬನ ಹೊಡೆತಗಳನ್ನು ಇನ್ನೊಬ್ಬ ಬರೆಯುತ್ತಾನೆ. ಕೊನೆಗೆ ತನ್ನ ಕಾರ್ಡನ್ನು ತಾನೇ ಪರೀಕ್ಷಿಸಿ ಸಹಿ ಹಾಕಬೇಕು. ಹೊಡೆದದ್ದಕ್ಕಿಂತ ಒಂದು ಕಡಿಮೆ ಇರುವ ಕಾರ್ಡು ಕೊಟ್ಟರೂ ಸ್ಪರ್ಧೆಯಿಂದಲೇ ಹೊರಗೆ.

ಹನ್ನೆರಡನೇ ಹೋಲಿನಲ್ಲಿ ನಿನ್ನ ಚೆಂಡು ಕುಳಿಯ ಅಂಚಿಗೆ ಬಂದು ನಿಂತಿತು. ನನ್ನೊಡನೆ ಏನೋ ಹೇಳುತ್ತಲೇ ನೀನದನ್ನು ಮೆಲ್ಲಗೆ ತಟ್ಟಿ ಒಳಗೆ ಬೀಳಿಸಿದೆ. ಹಾಗೆ ತಟ್ಟಿದ್ದೂ ಒಂದು ಹೊಡೆತವೇ. ಐದಾಗಿತ್ತು, ನಾನು ನಾಲ್ಕು ಬರೆದೆ — ನಂಬುವುದಾದರೆ ನಂಬು, ಅಲ್ಲಿಯವರೆಗೆ ಅದು ಬರೀ ಮರೆವು.

ನೆನಪಾದದ್ದು ಆಟ ಮುಗಿಸಿ ಮೇಜಿನ ಬಳಿ ಕೂತು ಕೂಡಿಸುವಾಗ. ಐದೆಂದು ತಿದ್ದಿದರೂ ನೀನು ಎರಡು ಹೊಡೆತಗಳಿಂದ ಗೆದ್ದಿದ್ದೆ. ಪೆನ್ಸಿಲು ನನ್ನ ಕೈಯಲ್ಲೇ ಇತ್ತು, ಲ್ಯಾನ್ಸಿ. ತಿದ್ದಲಿಲ್ಲ. ಕಾರ್ಡನ್ನು ನಿನ್ನ ಕಡೆಗೆ ಸರಿಸಿದೆ.

“ನೋಡ್ಲಿಕ್ಕೆ ಎಂತ ಉಂಟು ಮಾರಾಯ, ನೀನು ಬರ್ದದ್ದಲ್ವಾ” ಎಂದು ನೀನು ಓದದೆಯೇ ಸಹಿ ಹಾಕಿದೆ.

ಕಾರ್ಡು ಕಾರ್ಯದರ್ಶಿಯ ಕೈ ಸೇರುವ ತನಕ ಕಾದೆ. ಆಮೇಲೆ ಬಾಯಿಬಿಟ್ಟೆ — ಹನ್ನೆರಡನೆಯದು ಐದಾಗಬೇಕು, ಸರ್. ಅವರು ನನ್ನನ್ನೇ ದಿಟ್ಟಿಸಿ, “ನಿಮಗೆ ಯಾವಾಗ ಗೊತ್ತಾದದ್ದು?” ಎಂದು ಕೇಳಿದರು. ಸಂಶಯ ಬಂದಿತ್ತು ಅವರಿಗೆ; ಗೊತ್ತಿದ್ದೂ ತಿದ್ದದೆ ಕೊಟ್ಟಿದ್ದರೆ ನಾನೂ ಹೊರಗೆ. “ಈಗಷ್ಟೇ, ಸರ್.” ಆಗ ನೀನು ಎದ್ದು ನಿಂತೆ. “ಸತೀಶ ಸುಳ್ಳು ಹೇಳುವ ಜನ ಅಲ್ಲ ಸರ್. ನೋಡದೆ ಸಹಿ ಹಾಕಿದ್ದು ನಾನು.”

ನಿನ್ನ ಆ ಮಾತಿನಿಂದ ನಾನು ಪ್ರೊ ಆದೆ. ನೀನು ಗಲ್ಫಿಗೆ ಹೋಗಿ ಬೇರೆಯವರು ಆಡುವ ಮೈದಾನದ ಹುಲ್ಲು ಕತ್ತರಿಸಿದೆ. ಒಮ್ಮೆಯಾದರೂ ಬೈದಿದ್ದರೆ — ಇಲ್ಲ, ನೀನು ರಜೆಗೆ ಬಂದಾಗಲೆಲ್ಲ ಖರ್ಜೂರ ತಂದುಕೊಟ್ಟೆ. ನಾನು ನಾಚಿಕೆಯಿಲ್ಲದೆ ತಿಂದೆ. ಹೊಸ ಸದಸ್ಯರಿಗೆ ಮೊದಲ ಪಾಠವೆಂದು ನಿನ್ನದೇ ಕಥೆಯನ್ನು, ಹೆಸರು ಬಿಟ್ಟು, ಹೇಳುತ್ತಾ ಬಂದೆ: ಓದದೆ ಸಹಿ ಹಾಕಬೇಡಿ. ಎಂಥ ಗುರು ನೋಡು!

ಈ ಭಾನುವಾರ ಕ್ಲಬ್ಬಿನಲ್ಲಿ ನನಗೆ ಬೀಳ್ಕೊಡುಗೆ. ನಿನ್ನೆ ನೀನು ಬಜಪೆಯ ಮನೆಯಿಂದ ಫೋನು ಮಾಡಿದೆ — “ನಿನ್ನ ಬಗ್ಗೆ ನಾನೇ ಮಾತಾಡ್ತೇನೆ. ಎದುರಾಳಿಯ ತಪ್ಪಲ್ಲ, ತನ್ನ ತಪ್ಪನ್ನೇ ಬಾಯಿಬಿಟ್ಟು ಹೇಳಿದವ ಅಂತ ಎಲ್ಲರಿಗೂ ಹೇಳ್ಬೇಕು ನನಗೆ.” ಸರಿ ಎಂದೆ. ಸರಿ ಎಂದುಬಿಟ್ಟೆ! ಅಷ್ಟು ಜನರ ಮುಂದೆ, ಮೋಸ ಹೋದವನಿಂದಲೇ ಇನ್ನೊಮ್ಮೆ ಸುಳ್ಳು ಹೇಳಿಸುವುದೇ?

ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಿಗ್ಗೆ ಬಜಪೆಗೆ ನಾನೇ ತರುತ್ತೇನೆ; ನೀನು ಓದಿ ಮುಗಿಸುವ ತನಕ ಎದುರಿಗೇ ನಿಂತಿರುತ್ತೇನೆ. ಆಮೇಲೆ ಬಾಗಿಲು ಹಾಕಿದರೂ ಸರಿಯೇ. ಆದರೆ ಭಾನುವಾರ ನೀನು ಬರುವುದಾದರೆ, ಬೇರೆ ಭಾಷಣ ಬೇಡ — ಇದನ್ನೇ ಓದು.