ಬೇಲಿಯಾಚೆಯ ಬಾವಿ

ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಉಳಿದವರಿಗೆಲ್ಲ ಅವನು ತಿರುಗಣಿ. ಎಣ್ಣೆ ಬಾವಿಯ ಬಾಯಿಗೆ ಕೂರಿಸಿದ ಕಬ್ಬಿಣದ ಚಕ್ರವನ್ನು ಬಲಕ್ಕೆ ತಿರುಗಿಸಿದರೆ ಎಣ್ಣೆ ನಿಲ್ಲುತ್ತದೆ, ಎಡಕ್ಕೆ ತಿರುಗಿಸಿದರೆ ಹರಿಯುತ್ತದೆ. ಮೀಸೆ ಚಿಗುರಿದ ಕಾಲದಿಂದ ಮೀಸೆ ನರೆಯುವ ತನಕ ಅವನು ಮಾಡಿದ್ದು ಇದೊಂದೇ ಕೆಲಸ. ಸಿಟ್ಟು ಬಂದಾಗ ಹೆಂಡತಿಯೂ ಅದೇ ಹೆಸರು ಹಿಡಿದು ಕೂಗುತ್ತಿದ್ದಳು; ಸಿಟ್ಟು ಅವಳಿಗೆ ಆಗಾಗ ಬರುತ್ತಿತ್ತು.

ಯಾವ ಕಡೆ ತಿರುಗಿಸಬೇಕೆಂದು ಅವನನ್ನು ಕೇಳಿದವರಿಲ್ಲ. ಅದನ್ನು ತೀರ್ಮಾನಿಸುವವರು ಯಾವುದೋ ದೂರದ ಊರಿನ ತಣ್ಣನೆಯ ಸಭಾಂಗಣದಲ್ಲಿ ಸೇರುತ್ತಿದ್ದರು. ಎಣ್ಣೆಯಿರುವ ದೇಶಗಳೆಲ್ಲ ಸೇರಿ ಒಂದು ಕೂಟ ಕಟ್ಟಿಕೊಂಡಿದ್ದವು. ಬೆಲೆ ಬಿದ್ದಾಗ ಮಂತ್ರಿಗಳು ಕೂತು, ಎಲ್ಲರೂ ಇಷ್ಟಿಷ್ಟು ಕಡಿಮೆ ತೆಗೆಯೋಣ, ಪೇಟೆಯಲ್ಲಿ ಎಣ್ಣೆ ಕಮ್ಮಿಯಾದರೆ ಬೆಲೆ ತಾನಾಗಿ ಏರುತ್ತದೆ ಎಂದು ಕೈಕುಲುಕುತ್ತಿದ್ದರು. ಆ ಸುದ್ದಿಗೆ ಎಲ್ಲೋ ಕಾರ್ಖಾನೆಗಳು ಬಾಗಿಲೆಳೆದುಕೊಳ್ಳುತ್ತಿದ್ದವು, ಎಲ್ಲೋ ಸರ್ಕಾರಗಳು ಅಲುಗಾಡುತ್ತಿದ್ದವು. ತಿರುಗಣಿಗೆ ಮಾತ್ರ ಭುಜ ನೋಯುತ್ತಿತ್ತು. ಚಕ್ರ ಹಳೆಯದು, ಬಲು ಬಿಗಿ. ಮಂತ್ರಿಗಳ ಮುನಿಸು, ರಾಜಿ ಎರಡೂ ಕೊನೆಗೆ ಬಂದು ಕೂರುತ್ತಿದ್ದದ್ದು ಅವನ ಬಲಭುಜದಲ್ಲಿ.

ಅವನ ಬಾವಿಯಿಂದ ಕೂಗಳತೆಯಲ್ಲಿ ತಂತಿ ಬೇಲಿ. ಬೇಲಿಯಾಚೆ ಬೇರೆ ದೇಶ. ಅಲ್ಲೂ ಒಂದು ಹಳೆಯ ಬಾವಿಯಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ತಿರುಗಣಿಯ ಅಕ್ಕನ ಗಂಡ. ಬೇಲಿ ಇಷ್ಟು ಎತ್ತರವಾಗುವ ಮೊದಲು ನಡೆದ ಮದುವೆ ಅದು. ಈಗ ಅಕ್ಕನ ಮನೆಗೆ ಹೋಗಬೇಕೆಂದರೆ ಸುತ್ತಿ ಬಳಸಿ, ಕಚೇರಿ ಕಚೇರಿಗೆ ಮುಖ ತೋರಿಸಿ ಹೋಗಬೇಕು. ಹಾಗಾಗಿ ಮಾತೆಲ್ಲ ಫೋನಿನಲ್ಲೇ.

ನೆಲದ ಮೇಲೆ ಬೇಲಿಯಿದ್ದರೇನು, ಕೆಳಗಿದ್ದದ್ದು ಒಂದೇ ಎಣ್ಣೆ. ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ತೆರೆದಿಟ್ಟರೆ ಎಣ್ಣೆ ತೆರೆದ ಕಡೆಗೆ ಸರಿಯುತ್ತದೆ. ಮುಚ್ಚಿದ ಬಾವಿಯಲ್ಲಿ ಒತ್ತಡ ಇಳಿದು, ನೀರು ನುಗ್ಗಿ, ಅದು ಮತ್ತೆ ಏಳುವುದೇ ಇಲ್ಲ. ಅದಕ್ಕೇ ಮುಚ್ಚುವ ಆದೇಶ ಬಂದಾಗಲೆಲ್ಲ ಭಾವ, ಭಾವಮೈದುನ ಇಬ್ಬರೂ ಫೋನು ಹಚ್ಚಿ ಒಟ್ಟಿಗೇ ಚಕ್ರ ತಿರುಗಿಸುತ್ತಿದ್ದರು. ಮಂತ್ರಿಗಳ ದೊಡ್ಡ ಕೂಟದೊಳಗೆ ಇದು ಇವರಿಬ್ಬರದೇ ಪುಟ್ಟ ಕೂಟ. ಮುಚ್ಚಿದ್ದಾಯಿತೇ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡ ಮೇಲೆ ಮಾತು ಅಕ್ಕನ ಮಂಡಿನೋವಿಗೆ ಹೊರಳುತ್ತಿತ್ತು.

ಕಳೆದ ಸಲ ಮಂತ್ರಿಗಳು ಒಪ್ಪಿಕೊಂಡ ಕಡಿತ ದೊಡ್ಡದು. ಭಾವನ ಬಾವಿ ಆಗಲೇ ಏದುಸಿರು ಬಿಡುತ್ತಿತ್ತು. ಅದು ಹೋದರೆ ಅವನ ಕೆಲಸ ಹೋಯಿತು, ಕೆಲಸದ ಜೊತೆಗೆ ಕಂಪನಿ ಕೊಟ್ಟ ಮನೆಯೂ ಹೋಯಿತು. ಭಾವ ಫೋನಿನಲ್ಲಿ ಹೇಳಿದ: “ಈ ಸಲ ಸರಿಯಾಗಿ ಮುಚ್ಚು ಮಾರಾಯ. ನಂದು ತಡ್ಕೊಳ್ಳಲ್ಲ.”

“ಅದನ್ನೂ ಹೇಳ್ಬೇಕಾ ಭಾವ” ಎಂದ ತಿರುಗಣಿ. ಇಬ್ಬರೂ ಮುಚ್ಚಿದರು.

ಆ ವಾರ ಕಳೆಯುವುದರೊಳಗೆ ಮೇಲ್ವಿಚಾರಕ ಜೀಪಿನಲ್ಲಿ ಬಂದ. ಇಳಿಯುವ ತೊಂದರೆಯನ್ನೂ ತೆಗೆದುಕೊಳ್ಳದೆ, ತೆರೆದುಬಿಡು ಎಂದ. ಎಣ್ಣೆಯ ಜೊತೆ ಬರುವ ಅನಿಲವನ್ನು ಸುಡಬೇಡ, ಉರಿ ಕಾಣಿಸಬಾರದು; ಆಕಾಶದಿಂದ, ಉಪಗ್ರಹದಲ್ಲಿ ನೋಡುವವರಿದ್ದಾರೆ, ಅದನ್ನು ವಿದ್ಯುತ್ ಸ್ಥಾವರದ ಕೊಳವೆಗೆ ಬಿಡು. ಉಳಿದವರು ಮುಚ್ಚಿಕೊಂಡು ಕೂತಿದ್ದಾರೆ, ಬೆಲೆ ಏರಿದೆ, ಮಾರುವ ಕಾಲ ಇದೇ. ಬೇಲಿಯಾಚೆಯವರ ಗತಿ ಏನು ಎಂದು ತಿರುಗಣಿ ಕೇಳಿದ್ದಕ್ಕೆ, ಅವರೂ ತೆರೆದಿರುತ್ತಾರೆ ಬಿಡು, ಸಭೆಯ ಮಾತು ಸಭೆಗೆ ಎಂದು ನಕ್ಕ.

ಭಾವ ತೆರೆದಿಲ್ಲವೆಂದು ತಿರುಗಣಿಗೆ ಗೊತ್ತಿತ್ತು. ಚಕ್ರದ ಮೇಲೆ ಕೈಯಿಟ್ಟ. ಆಗುವುದಿಲ್ಲ ಎನ್ನಬಹುದಿತ್ತು. ಅಂದರೆ ಇನ್ನೊಬ್ಬ ಬಂದು ತಿರುಗಿಸುತ್ತಾನೆ, ತಾನು ಮನೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂರುತ್ತೇನೆ, ಭಾವನ ಬಾವಿಯಂತೂ ಉಳಿಯುವುದಿಲ್ಲ. ಲೆಕ್ಕಾಚಾರವೇನೋ ಸರಿಯಾಗಿಯೇ ಇತ್ತು. ಇಂಥ ಸರಿಯಾದ ಲೆಕ್ಕಾಚಾರಗಳಿಂದಲೇ ಅವನು ಸೋತು ಸುಣ್ಣವಾಗಿದ್ದ. ಎಡಕ್ಕೆ ತಿರುಗಿಸಿದ.

ಕೆಲವು ದಿನ ಬಿಟ್ಟು ಭಾವ ಫೋನು ಮಾಡಿ, ನಿನ್ನದು ಹೇಗಿದೆ ಎಂದು ಕೇಳಿದ. “ಮಲಗಿದೆ ಭಾವ” ಎಂದುಬಿಟ್ಟ ತಿರುಗಣಿ. ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಹೇಸಿಗೆಯಾಯಿತು. ಅಲ್ಲಿಂದ ಮುಂದೆ ಫೋನು ಬಂದಾಗಲೆಲ್ಲ ಸ್ನಾನಕ್ಕೆ ಹೋಗಿದ್ದಾರೆಂದು ಹೇಳು ಎಂದು ಹೆಂಡತಿಗೆ ಸನ್ನೆ ಮಾಡುತ್ತಿದ್ದ. ದಿನಕ್ಕೆ ಎಷ್ಟು ಸಲ ಸ್ನಾನ ಮಾಡುವ ಗಂಡ ನನ್ನವನು ಎಂದು ನಾನು ಹೇಳಲಿ ಎಂದು ಅವಳು ಒಮ್ಮೆ ರೇಗಿದಳು. ಅವನ ಮುಖ ನೋಡಿದ ಮೇಲೆ ಮತ್ತೆ ಕೇಳಲಿಲ್ಲ.

ಕೆಲವು ತಿಂಗಳಲ್ಲಿ ಕೂಟ ಎಂದಿನಂತೆ ಮುರಿಯಿತು. ನೀವು ಕದ್ದು ಮಾರಿದಿರಿ, ನೀವು ಮಾರಿದಿರಿ ಎಂದು ಮಂತ್ರಿಗಳು ಕಿತ್ತಾಡಿದರು, ಬೆಲೆ ಮಕಾಡೆ ಮಲಗಿತು, ಎಲ್ಲ ಬಾವಿಗಳನ್ನೂ ತೆರೆಯಿರಿ ಎಂದಾಯಿತು. ಭಾವನ ಬಾವಿ ಒಂದಿಷ್ಟು ಉಪ್ಪುನೀರು ಕಾರಿ ನಿಂತಿತು. ಅವರ ಕಂಪನಿ ಅದರ ಬಾಯಿಗೆ ಸಿಮೆಂಟು ಸುರಿದು ಕೈತೊಳೆದುಕೊಂಡಿತು. ಬೇರೆ ಮನೆ ಸಿಗುವ ತನಕ ಇರುತ್ತೇವೆ ಎಂದು ಅಕ್ಕ, ಭಾವ ಪೆಟ್ಟಿಗೆ ಕಟ್ಟಿಕೊಂಡು, ಕಚೇರಿಗಳನ್ನೆಲ್ಲ ದಾಟಿ ತಿರುಗಣಿಯ ಮನೆಗೇ ಬಂದರು.

ಮರುದಿನ ಬೆಳಿಗ್ಗೆ ಭಾವ ಅವನ ಜೊತೆ ಬಾವಿಗೆ ನಡೆದ. ಭಾವ ಒತ್ತಡದ ಮಾಪಕದ ಮುಳ್ಳನ್ನು ನೋಡಿದ, ಕೊಳವೆಗೆ ಅಂಗೈಯಿಟ್ಟ, ಹರಿವಿನ ಸದ್ದಿಗೆ ಕಿವಿಗೊಟ್ಟ. ತಿಂಗಳುಗಟ್ಟಲೆ ಮಲಗಿ ಎದ್ದ ಬಾವಿ ಹೀಗಿರುವುದಿಲ್ಲವೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ತೆಗೆದೇ ಇಟ್ಟಿದ್ದೆ ಅಲ್ವಾ” ಎಂದ.

“ಹೂಂ ಭಾವ.”

ತಿರುಗಣಿ ಕೆನ್ನೆಗೆ ಬೀಳುವ ಏಟಿಗಾಗಿ ಕಾದ. ಬಿದ್ದಿದ್ದರೆ ಒಳ್ಳೆಯದಿತ್ತು. ಭಾವ ಪಕ್ಕದ ಕಟ್ಟೆಯ ಮೇಲೆ ಉಸ್ಸೆಂದು ಕೂತ.

“ನಮ್ಮ ಸಾಹೇಬ್ರೂ ಬಂದು ತೆಗಿ ಅಂತಾರೇನೋ ಅಂತ ನಾನೂ ದಿನಾ ದಾರಿ ನೋಡ್ದೆ. ಬರ್ಲೇ ಇಲ್ಲ. ಬಂದಿದ್ರೆ ನಾನೂ ತೆಗೀತಿದ್ದೆ ಕಣೋ. ಬೇಜಾರು ಮಾಡ್ಕೋಬೇಡ.”

ಅದು ನಿಜವೋ, ತನ್ನ ಮುಖ ನೋಡಿ ಹೇಳಿದ್ದೋ ತಿರುಗಣಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ಇಬ್ಬರೂ ಎದ್ದು ಹೊರಟಾಗ ಭಾವ ಇನ್ನೊಂದೇ ಮಾತು ಆಡಿದ: “ನಿಮ್ಮಕ್ಕನಿಗೆ ಹೇಳ್ಬೇಡ. ನೀನು ಮುಚ್ಚಿದ್ದೆ ಅಂತ್ಲೇ ಇದ್ದಾಳೆ. ಹಾಗೇ ಇರ್ಲಿ.”

ಮಧ್ಯಾಹ್ನ ಊಟಕ್ಕೆ ಕೂತಾಗ ಅಕ್ಕ ತಾನೇ ಬಡಿಸಲು ನಿಂತಳು. ಬಾವಿ ಮುಚ್ಚಿಸಿ ನಿನ್ನನ್ನೂ ಎಷ್ಟು ಗೋಳು ಹೊಯ್ದುಕೊಂಡರೋ, ಹೇಗಿದ್ದವನು ಹೇಗಾಗಿದ್ದೀಯ ಎಂದು ಅವನ ಬೆನ್ನು ಸವರಿ, ಬೇಡವೆಂದರೂ ಕೇಳದೆ ಮತ್ತೆ ಮತ್ತೆ ಬಡಿಸಿದಳು. ಅವನು ತಲೆಯೆತ್ತದೆ ಎಲ್ಲವನ್ನೂ ತಿಂದ.